ದೂರದ ಹೆಗ್ಗಣಕ್ಕೊಂದು ದುರ್ಬೀನು

ಅರವತ್ತೆರಡು ಡಾಲರ್. ಕೋವಿಯ ಮೇಲೆ ಕೂರಿಸುವ ಸ್ಕೋಪು ಎಂಬ ದುರ್ಬೀನಿಗೆ, ಅದನ್ನು ಬಿಗಿಯುವ ಉಂಗುರಗಳೂ ಸೇರಿ, ನಾನು ಕೊಟ್ಟದ್ದು ಅಷ್ಟು. ಎಪ್ಪತ್ತರ ದಶಕದ ಆರಂಭದ ದಿನಗಳು ಅವು. ಅಷ್ಟೇ ಶಕ್ತಿಯ, ಹೆಸರಾಂತ ದುರ್ಬೀನು ಬೇಕೆಂದಿದ್ದರೆ ಹೆಚ್ಚುಕಡಿಮೆ ಇದರ ಎರಡರಷ್ಟು ಸುರಿಯಬೇಕಿತ್ತು. ನನ್ನದು ಕಡಿಮೆಗೆ ಸಿಕ್ಕಿದ್ದಕ್ಕೆ ಕಾರಣ ಮೂರು. ಅದು ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಪ್ರದರ್ಶನಕ್ಕಿಟ್ಟ ಮಾಲು, ಅದರ ಡಬ್ಬ ಕಳೆದುಹೋಗಿತ್ತು, ಮತ್ತು ಆ ವರ್ಷ ಎಲ್ಲರಿಗೂ ತಿರುಗಿಸಿದರೆ ಹತ್ತಿರ ದೂರ ಆಗುವ ಹೊಸ ಮಾದರಿಯೇ ಬೇಕಾಗಿತ್ತು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವುದು ಬಿಟ್ಟು ಬೇರೇನೂ ಮಾಡಲಾರದ ಆ ಬಡಪಾಯಿಯನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ.

ಇದನ್ನು ಓದುವವರು ಮೊದಲು ಕೇಳುವ ಪ್ರಶ್ನೆ ನನಗೆ ಗೊತ್ತು. ಮೈಸೂರಿನ ಕಡೆಯವನಿಗೆ, ಮನೆಯಲ್ಲಿ ಮೊಟ್ಟೆ ಕೂಡ ಬೇಯಿಸದವನಿಗೆ, ಕೋವಿ ಯಾಕೆ? ಉತ್ತರ ಒಂದೇ ಮಾತಿನದು: ಹುರುಳಿಕಾಯಿಗೆ.

ನಾವು ಆಗ ಡೆಟ್ರಾಯಿಟ್‌ನ ಉತ್ತರಕ್ಕೆ ಒಂದು ಬಡಾವಣೆಯಲ್ಲಿದ್ದೆವು. ನಾನು ಕಾರಿನ ಭಾಗಗಳಿಗೆ ಡೈ ಎಂಬ ಅಚ್ಚು ಮಾಡುವ ಕಾರ್ಖಾನೆಯ ಟೂಲ್‌ರೂಮಿನಲ್ಲಿ ಕೆಲಸಕ್ಕಿದ್ದೆ. ಎಳೆ ಹುರುಳಿಕಾಯಿ, ದಂಟಿನ ಸೊಪ್ಪು, ಮೆಂತ್ಯ, ಅಲಸಂದೆ ಇವೆಲ್ಲ ಅಂಗಡಿಯಲ್ಲಿ ಸಿಗದ ಕಾಲ. ನಮ್ಮ ಹಿತ್ತಲಲ್ಲಿ ಮೇಪಲ್ ಮರದ ನೆರಳು, ಏನೂ ಬೆಳೆಯುತ್ತಿರಲಿಲ್ಲ. ಹೀಗಿರುವಾಗ ಮನೆಯಿಂದ ನಲವತ್ತು ಮೈಲಿ ದೂರದ ಒಬ್ಬ ಹಾಲಿನ ರೈತ, ಅರವತ್ತು ದಾಟಿದ ಒಂಟಿ ಮನುಷ್ಯ, ತನ್ನ ಕೊಟ್ಟಿಗೆಯ ಪಕ್ಕದ ಅರ್ಧ ಎಕರೆಯನ್ನು ನಮಗೆ ಬಿಟ್ಟುಕೊಟ್ಟ. ಬಾಡಿಗೆ ಬೇಡ ಎಂದ. ಬದಲಿಗೆ ಒಂದು ಕೆಲಸ ಹೇಳಿದ.

ಅವನ ಹುಲ್ಲುಗಾವಲಿನ ತುಂಬ ವುಡ್‌ಚಕ್‌ಗಳು. ನೋಡದವರಿಗೆ ಹೇಳುತ್ತೇನೆ, ಅದು ನಮ್ಮ ಹೆಗ್ಗಣದ ದೊಡ್ಡಣ್ಣ. ಕೊಬ್ಬಿದ ಬೆಕ್ಕಿಗಿಂತ ದಪ್ಪ, ಹಿಂಗಾಲ ಮೇಲೆ ನಿಂತು ಕೈಕಟ್ಟಿಕೊಂಡ ಮೇಷ್ಟರ ಹಾಗೆ ಸುತ್ತ ನೋಡುತ್ತದೆ. ಹುರುಳಿ ಸಾಲನ್ನು ಒಂದೇ ಸಂಜೆಯಲ್ಲಿ ಬೋಳಿಸಬಲ್ಲದು. ರೈತನಿಗೆ ನಮ್ಮ ಹುರುಳಿಯ ಚಿಂತೆ ಇರಲಿಲ್ಲ. ಅವು ತೋಡಿದ ಬಿಲದಲ್ಲಿ ಹಿಂದಿನ ವರ್ಷ ಅವನ ಹಸುವೊಂದು ಕಾಲು ಮುರಿದುಕೊಂಡಿತ್ತು. ಬೋನಿಟ್ಟು ನೋಡಿದ್ದ, ಅವನ ನಾಯಿಯೇ ಸಿಕ್ಕಿಬಿತ್ತು.

"ಮೊದಲನೇ ಹುಲ್ಲು ಕೊಯ್ಲಿನ ಹೊತ್ತಿಗೆ ಆ ದಿಬ್ಬದ ಮೇಲಿನವು ಕಮ್ಮಿಯಾಗಿರಬೇಕು," ಎಂದ. "ಹಾಗಾದರೆ ಜಾಗ ನಿನ್ನದು, ಮುಂದಿನ ವರ್ಷವೂ. ಆಗದಿದ್ದರೆ ನನ್ನ ಅಳಿಯ ಕೇಳುತ್ತಿದ್ದಾನೆ. ಅವನಿಗೆ ಅಲ್ಲಿ ತನ್ನ ಗಾಲಿಮನೆ, ಟ್ರೈಲರ್, ನಿಲ್ಲಿಸಬೇಕಂತೆ, ಅವನ ಸ್ನೇಹಿತರೂ ಶೂಟ್ ಮಾಡುತ್ತಾರೆ."

ಜೊತೆಗೆ ಎರಡು ಕಟ್ಟಳೆ. ಗುಂಡು ಹಾರಿಸುವುದು ಕೊಟ್ಟಿಗೆಯ ಬದಿಯಿಂದ ಪಶ್ಚಿಮದ ದಿಬ್ಬಕ್ಕೆ ಮಾತ್ರ. ಬೇರೆಲ್ಲ ದಿಕ್ಕಿಗೂ ರಸ್ತೆ, ಮನೆ. ತಪ್ಪಿದ ಗುಂಡನ್ನು ಮಣ್ಣು ನುಂಗಬೇಕು. ಎರಡನೆಯದನ್ನು ಅವನು ಬೆರಳೆತ್ತಿ ಹೇಳಿದ: "ಗಾಯ ಮಾಡಿ ಬಿಡಬಾರದು. ಒಂದು ಪ್ರಾಣಿ ತೆವಳಿಕೊಂಡು ಬಿಲಕ್ಕೆ ಹೋಗಿದ್ದು ಕಂಡರೆ ಅವತ್ತೇ ನಿನ್ನ ಹುರುಳಿ ಕಿತ್ತುಕೊಂಡು ಹೋಗು."

ಕೊಟ್ಟಿಗೆಯಿಂದ ದಿಬ್ಬಕ್ಕೆ ಸುಮಾರು ಮುನ್ನೂರು ಗಜ. ಸಹೋದ್ಯೋಗಿಯೊಬ್ಬನ ಹಳೆಯ ರೈಫಲ್ಲು, ಸಣ್ಣ ಗುಂಡಿನದು, ವೇಗದ್ದು, ನನಗೆ ಆಗಲೇ ಸಿಕ್ಕಿತ್ತು. ಆದರೆ ಮುನ್ನೂರು ಗಜದಲ್ಲಿ ವುಡ್‌ಚಕ್ಕಿನ ತಲೆ ಬರಿಗಣ್ಣಿಗೆ ಒಂದು ಎಳ್ಳುಕಾಳು. ಅದನ್ನು ಸ್ಪಷ್ಟವಾಗಿ ಕಾಣದೆ ಗುಂಡು ಹಾರಿಸುವಂತಿಲ್ಲ, ಹಾರಿಸದೆ ಜಾಗ ಉಳಿಯುವಂತಿಲ್ಲ. ಹೀಗೆ ಹುರುಳಿಕಾಯಿಯ ಭವಿಷ್ಯವೆಲ್ಲ ಒಂದು ಗಾಜಿನ ಕೊಳವೆಯ ಮೇಲೆ ಬಂದು ಕುಳಿತಿತು.

ಡೆಟ್ರಾಯಿಟ್‌ನ ಅಂಗಡಿಗಳಲ್ಲೆಲ್ಲ ಬೆಲೆ ಕೇಳಿ ಬಂದೆ. ನನ್ನ ಅಭ್ಯಾಸವೇ ಅದು. ಮೊದಲ ಸುತ್ತಿನಲ್ಲಿ ಕೈ ಜೇಬಿಗೆ ಹೋಗಬಾರದು, ಕಿವಿ ಮಾತ್ರ ಕೆಲಸ ಮಾಡಬೇಕು. ಆಮೇಲೊಂದು ವಾರಾಂತ್ಯ ಶಿಕಾಗೋ ಕಡೆಗೆ ಹೋಗುವುದಿತ್ತು. ಲಿಸ್ಲ್‌ನಲ್ಲಿ ನಮ್ಮ ಸ್ನೇಹಿತರ ಮನೆ. ದಾರಿ ಬಳಸಿ ಎಲ್ಕ್ ಗ್ರೋವ್ ವಿಲೇಜ್‌ನ ಗೋದಾಮುಗಳ ನಡುವೆ ಬೇಟೆ ಸಾಮಾನಿನ ಅಂಗಡಿಯೊಂದಕ್ಕೆ ಕಾರು ತಿರುಗಿಸಿದೆ. ಹೆಂಡತಿ ಪಕ್ಕದಲ್ಲಿದ್ದಳು.

"ಊಟಕ್ಕೆ ಕಾಯ್ತಿರ್ತಾರೆ ಕಣ್ರೀ," ಎಂದಳು.

"ಐದು ನಿಮಿಷ."

"ನಿಮ್ಮ ಐದು ನಿಮಿಷದಲ್ಲಿ ನಾನು ಇಡ್ಲಿಗೆ ನೆನೆಹಾಕಿ ರುಬ್ಬಿ ಹುದುಗೆಬ್ಬಿಸಬಹುದು."

ಅಂಗಡಿಯವನು ನನ್ನ ಕಥೆ ಕೇಳಿ ಮೂರು ದುರ್ಬೀನುಗಳನ್ನು ಹೊರತೆಗೆದು ಬಟ್ಟೆಯ ಮೇಲೆ ಸಾಲಾಗಿಟ್ಟ. ಒಂದು ಇಪ್ಪತ್ತು ಪಟ್ಟಿನದು. ಇನ್ನೊಂದು ಮೂರರಿಂದ ಒಂಬತ್ತಕ್ಕೆ ತಿರುಗುವ ಹೊಸ ಮಾದರಿ, ಹೊಳೆಯುವ ಡಬ್ಬದ ಸಮೇತ. ಕೊನೆಯದು ಈ ಹತ್ತು ಪಟ್ಟಿನ ಜಪಾನಿ ಮಾಲು. ಒಂದೊಂದರಿಂದಲೂ ಅಂಗಡಿಯ ಇನ್ನೊಂದು ತುದಿಯ ಗೋಡೆ ಗಡಿಯಾರ ನೋಡಿದೆ. ಮೂರೂ ಚೆನ್ನಾಗಿದ್ದವು. ಸಹಜವಾಗಿ ನನ್ನ ಕೈ ಇಪ್ಪತ್ತು ಪಟ್ಟಿನದರ ಕಡೆ ಹೋಯಿತು. ಹೆಚ್ಚು ಪಟ್ಟು ಎಂದರೆ ಕೊಟ್ಟ ಕಾಸಿಗೆ ಹೆಚ್ಚು ಸಾಮಾನು ಎಂದೇ ಎಲ್ಲರಿಗೂ ಅನ್ನಿಸುವುದು.

ಹೆಂಡತಿ ಇಷ್ಟು ಹೊತ್ತು ಮೀನಿನ ಗಾಳಗಳನ್ನು ನೋಡುತ್ತಿದ್ದವಳು ಹತ್ತಿರ ಬಂದಳು.

"ಒಳಗೇ ನೋಡಿ ತಗೋತೀರಾ?"

"ಮತ್ತೆ?"

"ಟ್ಯೂಬ್‌ಲೈಟ್ ಕೆಳಗೆ ಎಲ್ಲ ಸೀರೇನೂ ಚೆನ್ನಾಗೇ ಕಾಣತ್ತೆ. ನಮ್ಮಮ್ಮ ಬಾಗಿಲಿಗೆ ತಂದು ಬಿಸಿಲಲ್ಲಿ ಬಿಡಿಸಿ ನೋಡದೆ ಒಂದು ರವಿಕೆ ಕಣ ತಗೊಂಡಿದ್ದು ನಾನು ಕಂಡಿಲ್ಲ. ನೀವು ಇದನ್ನ ಎಲ್ಲಿ ಉಪಯೋಗಿಸೋದು? ಹೊಲದಲ್ಲಿ ತಾನೆ? ಸಾಯಂಕಾಲ ತಾನೆ? ಹೊರಗೆ ತಗೊಂಡು ಹೋಗಿ."

ಹೊರಗೆ ಒಯ್ಯಬಹುದೇ ಎಂದು ಕೇಳಿದೆ. ಅಂಗಡಿಯವನು ಇದುವರೆಗೆ ಯಾರೂ ಕೇಳಿಲ್ಲ ಎಂದ. ಆದರೆ ಬೇಡವೆನ್ನಲಿಲ್ಲ; ಮೂರನ್ನೂ ತಾನೇ ಹಿಡಿದುಕೊಂಡು ನಮ್ಮ ಹಿಂದೆ ಪಾರ್ಕಿಂಗ್ ಲಾಟಿಗೆ ಬಂದ.

ಆ ಅರ್ಧ ಗಂಟೆಯಲ್ಲಿ ನಾನು ಕಲಿತದ್ದನ್ನು ಯಾವ ಕ್ಯಾಟಲಾಗೂ ಹೇಳಿರಲಿಲ್ಲ. ಲಾಟಿನ ಆಚೆ ತುದಿಯಲ್ಲಿ ಒಂದು ಲಾರಿ ನಿಂತಿತ್ತು. ಕಾರಿನ ಮೇಲೆ ನನ್ನ ಸ್ವೆಟರನ್ನು ಸುರುಳಿ ಸುತ್ತಿಟ್ಟು, ಅದರ ಮೇಲೆ ದುರ್ಬೀನನ್ನಿಟ್ಟು ಲಾರಿಯ ಬಾಗಿಲಿನ ಸಣ್ಣ ಅಕ್ಷರ ಓದಲು ನೋಡಿದೆ. ಇಪ್ಪತ್ತು ಪಟ್ಟಿನದರಲ್ಲಿ ಅಕ್ಷರಗಳು ದೊಡ್ಡವೇನೋ ಹೌದು, ಆದರೆ ಕುದಿಯುವ ನೀರಿನ ತಳದಲ್ಲಿ ಬಿದ್ದ ಹಾಗೆ ಕುಣಿಯುತ್ತಿದ್ದವು. ಡಾಂಬರಿನ ಕಾವು ಏಳುತ್ತಿತ್ತಲ್ಲ, ಅದನ್ನೂ ಅದು ಇಪ್ಪತ್ತು ಪಟ್ಟು ಮಾಡಿ ತೋರಿಸುತ್ತಿತ್ತು. ಲಾರಿಯಿಂದ ಒಂದಿಷ್ಟು ಪಕ್ಕಕ್ಕೆ ಸರಿದರೆ ಮತ್ತೆ ಅದನ್ನು ಹುಡುಕುವುದೇ ಕಷ್ಟ. ಅಷ್ಟು ಕಿರಿದಾದ ನೋಟ.

ತಿರುಗುವ ಮಾದರಿ ಹಗುರವಾಗಿ ಚೆನ್ನಾಗಿತ್ತು. ಆದರೆ ಅದರಲ್ಲಿ ಗುರಿ ಹಿಡಿಯುವ ಅಡ್ಡ-ಉದ್ದ ಗೆರೆಗಳು ದಪ್ಪ. ಲಾರಿಯ ಬಾಗಿಲಿನ ಹಿಡಿಯನ್ನೇ ಮುಚ್ಚಿಬಿಡುತ್ತಿದ್ದವು, ಇನ್ನು ವುಡ್‌ಚಕ್ಕಿನ ತಲೆ ಎಲ್ಲಿ ಕಂಡೀತು?

ಆಗ ಹೆಂಡತಿಯ ಎರಡನೆಯ ಪ್ರಶ್ನೆ ಬಂತು. "ಆ ದಿಬ್ಬ ಇರೋದು ಪಶ್ಚಿಮಕ್ಕೆ ಅಂತಿದ್ರಿ. ಸಾಯಂಕಾಲ ಸೂರ್ಯ ಎದುರಿಗೇ ಇರಲ್ವಾ?"

ಅದನ್ನು ಅಂಗಡಿಯವನಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಗೋದಾಮಿನ ಸೂರಿನ ಮೇಲೆ ಸೂರ್ಯ ಇಳಿಯುತ್ತಿದ್ದ. ಸೂರ್ಯನನ್ನು ನೇರವಾಗಿ ನೋಡದೆ, ಅದಕ್ಕಿಂತ ಬಹಳ ಕೆಳಗಿನ ನೆರಳಿನ ಗೋಡೆಯತ್ತ ಒಂದೊಂದನ್ನೂ ಹಿಡಿದೆ. ತಿರುಗುವ ಮಾದರಿಯಲ್ಲಿ ಗೋಡೆಯೇ ಇಲ್ಲ, ಬರೀ ಬಿಳಿ ಮಂಜು. ಹತ್ತು ಪಟ್ಟಿನದರಲ್ಲಿ ಇಟ್ಟಿಗೆ ಇಟ್ಟಿಗೆಯ ನಡುವಿನ ಗಾರೆ ಕಾಣುತ್ತಿತ್ತು. ಗೆರೆಗಳು ಕೂದಲೆಳೆಯಷ್ಟು ಸಣ್ಣ. ಮುಂದಿನ ಗಾಜಿನ ಸುತ್ತಲಿನ ಬಳೆಯನ್ನು ತಿರುಗಿಸಿ ದೂರಕ್ಕೆ ಸರಿಹೊಂದಿಸಿದ ಮೇಲೆ, ತಲೆಯನ್ನು ಆಚೀಚೆ ಆಡಿಸಿದರೂ ಗೆರೆ ಇಟ್ಟಿಗೆಯ ಮೇಲಿಂದ ಕದಲಲಿಲ್ಲ. ನನಗೆ ಬೇಕಾದದ್ದು ಸಿಕ್ಕಿತ್ತು. ಸಿಕ್ಕಿತೆಂದು ಮುಖದಲ್ಲಿ ತೋರಿಸಲಿಲ್ಲ.

"ಡಬ್ಬ ಎಲ್ಲಿ?" ಎಂದೆ.

"ಡಬ್ಬ ಇಲ್ಲ. ಅದಕ್ಕೇ ಬೆಲೆ ಇಳಿಸಿ ಬರೆದಿದ್ದೇವೆ."

ಹೆಂಡತಿ ಕೊಳವೆಯನ್ನು ಹೊರಳಿಸಿ ನೋಡಿ, "ಇಲ್ಲೊಂದು ಗೀರಿದೆ ಕಣ್ರೀ," ಎಂದಳು.

"ಅವರು ಏನು ಹೇಳುತ್ತಿದ್ದಾರೆ?" ಎಂದು ಅಂಗಡಿಯವನು ಕೇಳಿದ.

"ಬೇಡ, ಹೋಗೋಣ ಅಂತಿದ್ದಾಳೆ."

ಅವಳಿಗೆ ಇಂಗ್ಲಿಷ್ ನನಗಿಂತ ಚೆನ್ನಾಗಿ ಬರುತ್ತಿತ್ತು. ತಕ್ಷಣ ಕಾರಿನ ಬಾಗಿಲು ತೆಗೆದು ಕುಳಿತುಬಿಟ್ಟಳು. ಅಮೆರಿಕದಲ್ಲಿ ಚೌಕಾಸಿ ಇಲ್ಲ ಎನ್ನುವವರು ಇಂಥ ಹೆಂಡತಿಯ ಜೊತೆ ಅಂಗಡಿಗೆ ಹೋದವರಲ್ಲ. ಬೆಲೆ ಇನ್ನಷ್ಟು ಇಳಿಯಿತು, ಉಂಗುರಗಳು ಪುಕ್ಕಟೆ ಬಂದವು, ಒಂದು ತಿಂಗಳೊಳಗೆ ಬೇಡವೆನಿಸಿದರೆ ವಾಪಸ್ ತರಬಹುದು ಎಂಬ ಮಾತೂ ಸಿಕ್ಕಿತು. ಲಿಸ್ಲ್‌ಗೆ ತಲುಪಿದಾಗ ಹುಳಿ ಆರಿ ತಣ್ಣಗಾಗಿತ್ತು. ನಾನು ಮಾತ್ರ ಬಾಯಿ ಚಪ್ಪರಿಸಿಕೊಂಡು ಉಂಡೆ.

ಮನೆಗೆ ತಂದ ಮೇಲೆ, ಹೊಸ ವಸ್ತು ಬಂದಾಗ ನಮ್ಮಲ್ಲಿ ಮಾಡುವುದನ್ನು ಮಾಡಿದೆವು. ಹೊಲಿಗೆ ಮಿಷನ್ನಿಗೆ ಆಗಿತ್ತು, ಕಾರಿಗೆ ಆಗಿತ್ತು, ಇದಕ್ಕೂ ಆಯಿತು. ದೇವರ ಮುಂದೆ ಮಣೆಯ ಮೇಲಿಟ್ಟು, ಊದಿನಕಡ್ಡಿ ಹಚ್ಚಿ, ಅರಿಶಿನ ಕುಂಕುಮ.

"ಇದರ ಮುಖ ಯಾವ ಕಡೆ?" ಎಂದು ಹೆಂಡತಿ ಬೆರಳಲ್ಲಿ ಕುಂಕುಮ ಹಿಡಿದು ಕೇಳಿದಳು.

"ದೊಡ್ಡ ಗಾಜಿನ ಕಡೆ," ಎಂದೆ.

ಮರುದಿನ ಅದನ್ನು ಕೋವಿಗೆ ಬಿಗಿದೆ. ಶನಿವಾರ ನಡುಮಧ್ಯಾಹ್ನ ರೈತನ ದಿಬ್ಬದ ಮೇಲೆ ಹಲಗೆಗೆ ಗುರಿಯ ಕಾಗದ ಅಂಟಿಸಿಟ್ಟು, ಮೊದಲು ನೂರು ಗಜದಿಂದ, ಆಮೇಲೆ ಮುನ್ನೂರರಿಂದ ಗುರಿ ಸರಿಮಾಡಿಕೊಂಡೆ. ಗುಂಡುಗಳು ಕಾಗದದಲ್ಲಿ ಒಂದು ಬೋಂಡದಷ್ಟು ಜಾಗದಲ್ಲಿ ಬಿದ್ದವು. ರೈತ ಬಂದು ನೋಡಿ, ಒಮ್ಮೆ ತಲೆದೂಗಿ ಹೋದ. ಅವನ ಮಟ್ಟಿಗೆ ಅದು ದೊಡ್ಡ ಶಹಭಾಸ್.

ಸೋಮವಾರ ಕೆಲಸ ಮುಗಿಸಿ ನೇರ ಹೊಲಕ್ಕೆ ಹೋದೆ. ಸೂರ್ಯ ದಿಬ್ಬದ ಮೇಲಿದ್ದ. ವುಡ್‌ಚಕ್‌ಗಳು ಬಿಲದಿಂದ ಹೊರಬಂದು ಮೇಯುತ್ತಿದ್ದದ್ದು ಬರಿಗಣ್ಣಿಗೂ ಚುಕ್ಕೆಗಳಂತೆ ಕಾಣುತ್ತಿತ್ತು. ದುರ್ಬೀನಿಗೆ ಕಣ್ಣಿಟ್ಟೆ. ಎದುರಿಗೆ ನೀರು ಬೆರೆಸಿದ ಹಾಲು. ದಿಬ್ಬವಿದೆ ಎಂದು ಗೊತ್ತಾಗುತ್ತಿತ್ತು, ಅದರ ಮೇಲೆ ಏನೋ ಇದೆ ಎಂದೂ ಗೊತ್ತಾಗುತ್ತಿತ್ತು; ಅದರ ತಲೆ ಯಾವುದು, ಬಾಲ ಯಾವುದು ಗೊತ್ತಾಗುತ್ತಿರಲಿಲ್ಲ. ಗುಂಡು ಹಾರಿಸಲಿಲ್ಲ. ಮಂಗಳವಾರವೂ ಅಷ್ಟೆ. ಬುಧವಾರ ಮೋಡವಿತ್ತು, ಆಗ ಚೆನ್ನಾಗಿ ಕಂಡಿತು, ಆದರೆ ಮಳೆ ಬಂದು ಪ್ರಾಣಿಗಳೇ ಹೊರಗೆ ಬರಲಿಲ್ಲ.

ಇದು ನನ್ನನ್ನು ಕಾಡಿದ್ದು ಕೋಪದಿಂದಲ್ಲ, ಕುತೂಹಲದಿಂದ. ಎಲ್ಕ್ ಗ್ರೋವಿನ ಲಾಟಿನಲ್ಲೂ ಇದೇ ಇಳಿಬಿಸಿಲು, ಇದೇ ಎದುರು ಸೂರ್ಯ. ಅಲ್ಲಿ ಗಾರೆ ಕಂಡಿತ್ತು, ಇಲ್ಲಿ ದಿಬ್ಬವೇ ಕಾಣದು. ಒಳಗೆ ತೇವ ಸೇರಿದೆಯೇ? ತೇವ ಸೇರಿದ್ದರೆ ಮಧ್ಯಾಹ್ನವೂ ಮಂಜಾಗಬೇಕಿತ್ತು. ಹುಲ್ಲಿನಿಂದ ಏಳುವ ಕಾವೇ? ಕಾವಿನಲ್ಲಿ ನೋಟ ಕುಣಿಯುತ್ತದೆ, ಹೀಗೆ ಬೆಳ್ಳಗಾಗುವುದಿಲ್ಲ. ನನ್ನ ಕಣ್ಣೇ? ಕಣ್ಣುಜ್ಜಿಕೊಂಡು, ಕನ್ನಡಕ ಒರೆಸಿಕೊಂಡು ನೋಡಿದೆ. ನನ್ನ ಕಡೆಯ ಗಾಜನ್ನೂ ಒರೆಸಿದೆ. ಏನೂ ಬದಲಾಗಲಿಲ್ಲ.

ರೈತ ಬೇಲಿಗೆ ಒರಗಿ, "ಏನು, ಅವುಗಳ ಫೋಟೋ ತೆಗೆಯುತ್ತಿದ್ದೀಯೋ?" ಎಂದ. "ಭಾನುವಾರ ಅಳಿಯ ಬರುತ್ತಾನೆ. ಸೋಮವಾರ ಹುಲ್ಲು ಕೊಯ್ಯುತ್ತೇನೆ. ಹೇಳಿದ್ದೇನೆ, ಆಮೇಲೆ ಹೇಳಲಿಲ್ಲ ಅನ್ನಬೇಡ."

ಶುಕ್ರವಾರ ಹೆಂಡತಿಯನ್ನೂ ಕರೆದುಕೊಂಡು ಹೋದೆ. ಅವಳಿಗೆ ಹುರುಳಿ ಸಾಲಿನಲ್ಲಿ ಕಳೆ ತೆಗೆಯುವುದಿತ್ತು. ಮತ್ತೆ ಅದೇ ಹಾಲು. ಕೋವಿಯಿಂದ ಗುಂಡು ತೆಗೆದು ಕೆಳಗಿಟ್ಟು, ಬದುವಿನ ಮೇಲೆ ಕುಳಿತೆ.

"ನಾಳೆ ಬೆಳಿಗ್ಗೆ ಶಿಕಾಗೋಗೆ ಡ್ರೈವ್ ಮಾಡ್ಕೊಂಡು ಹೋಗಿ ವಾಪಸ್ ಕೊಟ್ಟುಬಿಡ್ತೀನಿ. ದುಡ್ಡು ಹೋದರೆ ಹೋಗಲಿ, ಆ ದುಬಾರಿ ಬ್ರ್ಯಾಂಡ್‌ನೇ ತರ್ತೀನಿ."

ಅವಳು ಕಳೆ ಕೀಳುವುದನ್ನು ನಿಲ್ಲಿಸಲಿಲ್ಲ. "ಅಲ್ಲಿ ಚೆನ್ನಾಗಿ ಕಾಣಿಸ್ತು ತಾನೆ?"

"ಕಾಣಿಸ್ತು."

"ಹಾಗಾದ್ರೆ ಅಲ್ಲಿಂದ ಇಲ್ಲಿಗೆ ಬರೋದ್ರೊಳಗೆ ಏನೋ ಆಗಿದೆ. ಏನೇನಾಯ್ತು ಸಾಲಾಗಿ ಹೇಳಿ ನೋಡೋಣ."

"ಏನಾಗತ್ತೆ? ಕಾರಲ್ಲಿ ತಂದ್ವಿ. ನಿನ್ನ ತೊಡೆ ಮೇಲೇ ಇತ್ತು."

"ನನ್ನ ತೊಡೆ ಮೇಲೆ ಏನೂ ಆಗಿಲ್ಲ. ಆಮೇಲೆ?"

"ಮನೆಗೆ ಬಂತು. ಪೂಜೆ ಆಯ್ತು. ಮಾರನೇ ದಿನ ಕೋವಿಗೆ ಬಿಗಿದೆ..."

ಅವಳ ಕೈ ನಿಂತಿತು.

"ರೀ," ಎಂದಳು ನಿಧಾನವಾಗಿ. "ಬೊಟ್ಟು ಒರೆಸಿದ್ರಾ?"

"ಒರೆಸಿದೆ. ಹೆಬ್ಬೆರಳಲ್ಲಿ."

"ಹೆಬ್ಬೆರಳಲ್ಲಿ. ಮೆಕ್ಯಾನಿಕ್ ಹೆಬ್ಬೆರಳಲ್ಲಿ, ಎಣ್ಣೆಗೆ ಕಲಸಿದ ಕುಂಕುಮನ."

ಕೋವಿಗೆ ಗುಂಡು ತುಂಬುವ ಕೀಲನ್ನು, ಬೋಲ್ಟನ್ನು, ಪೂರ್ತಿ ಹೊರತೆಗೆದು, ಖಾಲಿ ಇದೆಯೆಂದು ಎರಡು ಸಲ ನೋಡಿಕೊಂಡು, ಬಿಗಿದ ಮೇಲೆ ಮೊದಲ ಬಾರಿಗೆ ಮುಂದಿನ ಕಡೆಯಿಂದ ದುರ್ಬೀನನ್ನು ನೋಡಿದೆ. ಯಾರು ತಾನೆ ಕೋವಿಯ ಮುಂದೆ ಹೋಗಿ ನಿಂತು ನೋಡುತ್ತಾರೆ? ಆ ಬುದ್ಧಿವಂತಿಕೆಯೇ ನನ್ನನ್ನು ವಾರವಿಡೀ ಸತಾಯಿಸಿತ್ತು. ದೊಡ್ಡ ಗಾಜಿನ ಮೇಲೆ ಕೆಂಪು ಹಳದಿಯ ತೆಳ್ಳನೆಯ ಪೊರೆ, ನನ್ನ ಹೆಬ್ಬೆರಳ ಗೆರೆಗಳು ಸಮೇತ. ನೇರಬಿಸಿಲು ತಾಗದಿದ್ದಾಗ ಅದು ಇದ್ದೂ ಇಲ್ಲದ ಹಾಗೆ. ಎದುರಿನಿಂದ ಸೂರ್ಯ ಬಿದ್ದ ಕೂಡಲೆ ಪೊರೆಯೇ ಬೆಳಗಿ ಎಲ್ಲವನ್ನೂ ಬೆಳ್ಳಗೆ ಮಾಡುತ್ತಿತ್ತು. ನನಗೆ ಇಂದಿಗೂ ಸೋಜಿಗವೆನಿಸುವುದು ಒಂದೇ. ಒಳಗಿನಿಂದ ನೋಡಿದರೆ ಆ ಗಾಜಿನ ಮೇಲೆ ಕೆಂಪೂ ಇಲ್ಲ, ಕಲೆಯೂ ಇಲ್ಲ. ಅಷ್ಟು ಹತ್ತಿರದ್ದನ್ನು ದುರ್ಬೀನು ತೋರಿಸುವುದೇ ಇಲ್ಲ.

ಅವಳು ಸೆರಗು ಮುಂದೆ ಮಾಡಿದಳು. "ಬೇಡ, ಕುಂಕುಮದ ಪುಡಿ ಉಜ್ಜಿದರೆ ಗಾಜು ಗೀಚತ್ತೆ," ಎಂದು ತಡೆದೆ. ಮೊದಲು ಜೋರಾಗಿ ಊದಿದೆ. ಆಮೇಲೆ ಬಾಯಿ ಹಬೆ ಬಿಟ್ಟು, ನೂರಾರು ಸಲ ಒಗೆದು ಮೆತ್ತಗಾದ ಕರವಸ್ತ್ರದಿಂದ ನಡುವಿನಿಂದ ಅಂಚಿಗೆ ಒತ್ತದೆ ಒರೆಸಿದೆ. ಮತ್ತೆ ಹಬೆ, ಮತ್ತೆ ಒರೆಸು. ಗಾಜು ಮೊದಲಿನ ನೇರಳೆ ಹೊಳಪಿಗೆ ಬಂತು.

ಕೊಟ್ಟಿಗೆಯ ಬದಿಗೆ ಹೋಗಿ ಜೋಳದ ಚೀಲದ ಮೇಲೆ ಕೋವಿಯನ್ನಿಟ್ಟೆ. ಅದೇ ಸೂರ್ಯ, ಅದೇ ದಿಬ್ಬ. ಮೇಷ್ಟರು ಕೈಕಟ್ಟಿ ನಿಂತಿದ್ದರು, ಮೀಸೆ ಎಣಿಸುವಷ್ಟು ಸ್ಪಷ್ಟವಾಗಿ. ಹೆಂಡತಿ ಮುಖ ತಿರುಗಿಸಿ ಹುರುಳಿ ಸಾಲಿಗೆ ಬಗ್ಗಿದಳು. ಅವಳು ಯಾವಾಗಲೂ ಹಾಗೆಯೇ. ಬೇಡ ಎನ್ನುತ್ತಿರಲಿಲ್ಲ, ನೋಡುತ್ತಲೂ ಇರಲಿಲ್ಲ. ಒಂದು ಗುಂಡು. ಅದು ನಿಂತಲ್ಲೇ ಕುಸಿಯಿತು, ತೆವಳಲಿಲ್ಲ. ಆ ಸಂಜೆ ಮತ್ತು ಶನಿವಾರದ ಸಂಜೆ ಕತ್ತಲಾಗುವ ಮೊದಲು ದಿಬ್ಬ ಬಹುಮಟ್ಟಿಗೆ ಖಾಲಿಯಾಯಿತು. ದೂರ ಹೆಚ್ಚೆನಿಸಿದಾಗ, ಗಾಳಿ ಎದ್ದಾಗ ಸುಮ್ಮನೆ ಕುಳಿತೆ.

ಭಾನುವಾರ ರೈತನೂ ಅಳಿಯನೂ ದಿಬ್ಬ ಸುತ್ತಿ ಬಂದರು. ಅಳಿಯ ನನ್ನ ದುರ್ಬೀನನ್ನು ಹೊರಳಿಸಿ ನೋಡಿ, ಇಂಥ ಹೆಸರು ಕೇಳಿಯೇ ಇಲ್ಲ, ಎಷ್ಟು ಕೊಟ್ಟೆ ಎಂದ. ಹೇಳಿದೆ. ಅವನು ತನ್ನದಕ್ಕೆ ಕೊಟ್ಟದ್ದನ್ನು ಹೇಳಲಿಲ್ಲ. ಹಾಲು ಕಂಡ ಕಥೆಯನ್ನೂ ಬೊಟ್ಟಿನ ಕಥೆಯನ್ನೂ ಕೇಳಿ ರೈತ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಹೆಂಡತಿಯ ಕಡೆ ತಿರುಗಿ ಕೇಳಿದ: "ನನ್ನ ಟ್ರ್ಯಾಕ್ಟರಿಗೂ ಒಂದು ಇಡುತ್ತೀಯಾ? ನಾಳೆ ಕೊಯ್ಲು. ಗಾಜಿಗೆ ಮಾತ್ರ ಬೇಡ." ಇಟ್ಟಳು, ಬಾನೆಟ್ಟಿನ ಮೇಲೆ. ಟ್ರೈಲರ್ ಬೇರೆಲ್ಲೋ ನಿಂತಿತು. ಆ ಅರ್ಧ ಎಕರೆಯ ಹುರುಳಿಕಾಯಿ ಎಷ್ಟೋ ವರ್ಷ ಡೆಟ್ರಾಯಿಟ್‌ನ ಕನ್ನಡದ ಮನೆಗಳ ಪಲ್ಯಕ್ಕಾಯಿತು.

ನೀವೂ ಇಂಥದ್ದೊಂದನ್ನು ಕೊಳ್ಳುವವರಿದ್ದರೆ ನನ್ನ ಮಾತು ಇಷ್ಟು. ಮೊದಲು ಎಲ್ಲಿಂದ ಎಲ್ಲಿಗೆ, ಯಾವ ಹೊತ್ತಿನಲ್ಲಿ ನೋಡುತ್ತೀರಿ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಉತ್ತರ ಸಿಕ್ಕ ಮೇಲೆ ಅಂಗಡಿಗೆ ಹೋಗಿ. ಮುನ್ನೂರು ಗಜಕ್ಕೆ ಹತ್ತು ಪಟ್ಟು ಸಾಕು, ಇಪ್ಪತ್ತಕ್ಕೆ ಕೊಡುವ ಹೆಚ್ಚಿನ ದುಡ್ಡು ಕಾವನ್ನು ಕುಣಿಸುವುದಕ್ಕೆ ಹೋಗುತ್ತದೆ. ಗೆರೆ ಸಣ್ಣದಿರಲಿ. ದುರ್ಬೀನನ್ನು ಬಾಗಿಲಿನಿಂದ ಹೊರಗೆ ತಂದು ಇಳಿಬಿಸಿಲಿನ ಕಡೆಯ ನೆರಳನ್ನು ನೋಡಿ, ಸೂರ್ಯನನ್ನಲ್ಲ. ಅಲ್ಲಿ ಹಣ ಎಲ್ಲಿ ಹೋಗಿದೆ ಎಂದು ತಿಳಿಯುತ್ತದೆ, ಗಾಜಿಗೋ ಡಬ್ಬಕ್ಕೋ. ಕೋವಿಗೆ ಬಿಗಿದ ಮೇಲೆ ಗುರಿಯ ತಿರುಪನ್ನು ಹತ್ತು ಗೀಟು ಮೇಲಕ್ಕೆ, ಹತ್ತು ಗೀಟು ಕೆಳಕ್ಕೆ ತಿರುಗಿಸಿ ಗುಂಡು ಹಳೆಯ ಜಾಗಕ್ಕೇ ಬರುತ್ತದೆಯೇ ನೋಡಿ. ಬರದಿದ್ದರೆ ಎಷ್ಟೇ ಅಗ್ಗವಾದರೂ ವಾಪಸ್ ಕೊಡಿ. ಗುರಿಯ ಹಿಂದೆ ಮಣ್ಣಿಲ್ಲದಿದ್ದರೆ, ತಲೆ ಸ್ಪಷ್ಟವಾಗಿ ಕಾಣದಿದ್ದರೆ ಬೆರಳು ಮಡಿಸಬೇಡಿ. ಕಾಣದಿದ್ದಾಗ ದುರ್ಬೀನನ್ನು ಬೈಯುವ ಮುಂಚೆ ಕೋವಿ ಖಾಲಿ ಮಾಡಿ, ಕೀಲು ತೆಗೆದು, ಮುಂದಿನ ಗಾಜನ್ನು ಒಮ್ಮೆ ನೋಡಿ. ಮತ್ತೆ, ಪೂಜೆ ಮಾಡುವವರಾದರೆ ಬೇಡವೆನ್ನುವುದಿಲ್ಲ, ನಾವು ಈಗಲೂ ಮಾಡುತ್ತೇವೆ. ಬೊಟ್ಟನ್ನು ಕೊಳವೆಯ ಮೇಲೆ, ಉಂಗುರದ ಪಕ್ಕದಲ್ಲಿ, ಒಣ ಕುಂಕುಮದಲ್ಲಿ ಇಡಿ.